ಜಾಗ್ರತಮ್ಮ ಸೇರಿಸಿದ ಸಾಲು

ಬಿಸಿ ಕಾಗದದ ವಾಸನೆ ಮೂಗಿಗೆ ಬಡಿದರೆ ಸಾಕು, ಅವಳ ಕಣ್ಣ ಮುಂದೆ ಅಪ್ಪನ ಜೆರಾಕ್ಸ್ ಅಂಗಡಿ ಬಂದು ನಿಲ್ಲುತ್ತಿತ್ತು.

ಶಾಲೆ ಬಿಟ್ಟ ಮೇಲೆ ಅಲ್ಲಿಯ ಎತ್ತರದ ಸ್ಟೂಲಿನ ಮೇಲೆ ಕೂತು ಅವಳು ಪಾಠ ಓದುತ್ತಿದ್ದಳು. ಚಳಿಯ ದಿನಗಳಲ್ಲಿ ಅಪ್ಪ, ಯಂತ್ರದಿಂದ ಆಗಷ್ಟೇ ಹೊರಬಂದ ಹಾಳೆಗಳ ಕಟ್ಟನ್ನು ಅವಳ ಅಂಗೈಗಳ ನಡುವೆ ಇಡುತ್ತಿದ್ದರು. "ಸ್ವಲ್ಪ ಹೊತ್ತು ಹಿಡ್ಕೋ ಮಗಳೇ, ಕೈ ಬೆಚ್ಚಗಾಗುತ್ತೆ." ಗಿರಾಕಿ ಒಂದು ಪ್ರತಿ ಕೇಳಿದರೂ ಅಪ್ಪ ಎರಡು ತೆಗೆದುಕೊಡುತ್ತಿದ್ದರು. "ಇನ್ನೊಂದು ಇರಲಿ. ಕಳೆದುಹೋದ್ರೆ?"

ಆ ಅಂಗಡಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಆದರೆ ಆ ಬೆಳಿಗ್ಗೆ ಆಫೀಸಿನ ಕಾರಿಡಾರಿನಲ್ಲಿ ಅದೇ ವಾಸನೆ ಬಂದು, ಅವಳು ನಡೆಯುವುದನ್ನೇ ಮರೆತು ಕಣ್ಣು ಮುಚ್ಚಿ ನಿಂತುಬಿಟ್ಟಳು.

"ಸ್ವಲ್ಪ ಜಾಗ ಬಿಡ್ತೀರಾ?"

ಬೆಚ್ಚಿ ಕಣ್ಣು ಬಿಟ್ಟಳು. ಪ್ರಿಂಟರಿನ ಪಕ್ಕದಲ್ಲಿ ಒಬ್ಬ ಅಪರಿಚಿತ. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಒಂದು ಕೈಯಲ್ಲಿ ಹಾಳೆಗಳು, ಇನ್ನೊಂದರಲ್ಲಿ ಕೆಂಪು ಪೆನ್ಸಿಲ್. ಮೇಲಿನ ಹಾಳೆಯಲ್ಲಿ... ಅಯ್ಯೋ, ಅದು ಅವಳು ಬರೆದ ಕೋಡ್! ಅದರ ನಟ್ಟನಡುವಿನ ಒಂದು ಸಾಲಿನ ಸುತ್ತ ಕೆಂಪು ಗೆರೆ!

"ಇದು ನನ್ನದು!" ಅವಳ ದನಿ ತಾನಾಗಿಯೇ ಏರಿತು.

"ಓ... ಜಾಗ್ರತಮ್ಮ ಅಂದ್ರೆ ನೀವೇನಾ?" ಅಂದವನೇ ನಾಲಿಗೆ ಕಚ್ಚಿಕೊಂಡ. "ಕ್ಷಮಿಸಿ. ಟೀಮಿನೋರೆಲ್ಲ ಹಾಗೇ ಅಂದ್ರು. ನಿಮ್ಮ ಹೆಸರೇ ಅದು ಅಂದ್ಕೊಂಡೆ."

ಅವಳ ಮುಖ ಕೆಂಪೇರಿತು. ಬೆನ್ನ ಹಿಂದೆ ಹಾಗೆ ಕರೆಯುತ್ತಾರೆ ಎಂದು ಗೊತ್ತಿತ್ತು. ಎದುರಿಗೇ ಯಾರೂ ಅಂದಿರಲಿಲ್ಲ.

"ಪ್ಯಾಕೆಟ್ ಬಂದ ತಕ್ಷಣ ಅದನ್ನ ಇನ್ನೊಂದು ಜಾಗಕ್ಕೆ ನಕಲು ಮಾಡ್ತೀರಿ," ಅವನು ಆ ಸಾಲನ್ನು ತೋರಿಸಿದ. "ಯಾಕೆ?"

"ಯಾರಾದ್ರೂ ಮುಟ್ಟಿ ಕೆಡಿಸಿದ್ರೆ? ನನ್ನ ಪ್ರತಿ ನನ್ನ ಹತ್ರ ಇರಲಿ ಅಂತ."

"ಯಾರ ಮೇಲೆ ನಿಮಗೆ ನಂಬಿಕೆ ಇಲ್ಲ?"

"ಯಾರ ಮೇಲೂ ಇಲ್ಲ!"

ಅವನು ನಗಲಿಲ್ಲ. ಜೇಬಿನಿಂದ ಚಿಕ್ಕ ಮೆಂಡರ್ ತೆಗೆದು ಪೆನ್ಸಿಲಿನ ಮೊನೆ ಮಾಡಿ, ಹಿಡಿಯುವ ಕಡೆಯನ್ನು ಅವಳತ್ತ ತಿರುಗಿಸಿ ಕೊಟ್ಟ. "ಹಾಗಾದ್ರೆ ನಾನು ಇದನ್ನ ಹೊಡೆದುಹಾಕಲ್ಲ. ನಿಮ್ಮ ಸಾಲು. ತೆಗೀಬೇಕು ಅನ್ನಿಸಿದಾಗ ನೀವೇ ತೆಗೀರಿ."

ಹೊಸ ಮುಖ್ಯಸ್ಥ ಬರುತ್ತಾನೆ ಎಂದು ಮ್ಯಾನೇಜರ್ ಹೇಳಿದ್ದು ಇವನನ್ನೇ ಎಂದು ಅವಳಿಗೆ ಆಮೇಲೆ ತಿಳಿಯಿತು. ಸಂಜೆಯ ಹೊತ್ತಿಗೆ ಟೀಮು ಅವನಿಗೂ ಒಂದು ಹೆಸರಿಟ್ಟಾಗಿತ್ತು. ಉದ್ದಣ್ಣ!

* * *

ಅವರ ಕಂಪನಿ ಮಾಡುತ್ತಿದ್ದದ್ದು ನೆಟ್‌ವರ್ಕಿನ ನಡುವೆ ಕೂರುವ ಪೆಟ್ಟಿಗೆಗಳನ್ನು. ಜನ ಕಳಿಸುವ ಪತ್ರ, ಚಿತ್ರ, ಮಾತು ಎಲ್ಲವೂ ಪುಟ್ಟ ಪುಟ್ಟ ಪ್ಯಾಕೆಟ್‌ಗಳಾಗಿ ಒಡೆದು ಆ ಪೆಟ್ಟಿಗೆಯ ಮೂಲಕ ಹಾದುಹೋಗಬೇಕು. ಒಳಗೆ ಬರಮಾಡಿಕೊಳ್ಳುವ ಹಂತ ಒಂದು, ತಪಾಸಣೆಯ ಹಂತ ಒಂದು, ಬೇರೆಯವರು ಓದಲಾಗದಂತೆ ಮಾರ್ಪಡಿಸಿ ಹೊರಗೆ ಕಳಿಸುವ ಹಂತ ಒಂದು. ನಡುವಿನ ತಪಾಸಣೆ ಅವಳದು.

"ಸಂಚಾರ ಕಡಿಮೆ ಇದ್ದಾಗ ನಕಲಿನ ಖರ್ಚು ಕಾಣಲ್ಲ," ಅವನು ಬಿಳಿ ಹಲಗೆಯ ಮೇಲೆ ಚೌಕಗಳನ್ನು ಬರೆಯುತ್ತ ಎಲ್ಲರಿಗೂ ವಿವರಿಸಿದ. "ಪ್ಯಾಕೆಟ್‌ಗಳು ಹೊಳೆ ಹಾಗೆ ನುಗ್ಗಿದಾಗ ನೋಡಿ. ಒಂದನ್ನ ನಕಲು ಮಾಡಿ ತಲೆ ಎತ್ತೋದ್ರೊಳಗೆ ಹಿಂದಿನವು ನಿಲ್ಲೋಕೆ ಜಾಗ ಇಲ್ದೆ ಬಿದ್ದುಹೋಗಿರ್ತವೆ. ನಮ್ಮ ಯಂತ್ರ ಯೋಚನೆ ಮಾಡಿ ದಣೀತಿಲ್ಲ. ಎತ್ತಿ ಎತ್ತಿ ಇಟ್ಟೇ ದಣೀತಿದೆ!"

"ಮತ್ತೆ ಏನು ಮಾಡ್ಬೇಕು?" ಯಾರೋ ಕೇಳಿದರು.

"ಪ್ಯಾಕೆಟ್ ಬಂದು ಕೂತಲ್ಲೇ ಇರಲಿ. ಅದು ಎಲ್ಲಿದೆ ಅನ್ನೋ ಚೀಟಿ ಮಾತ್ರ ಕೈಯಿಂದ ಕೈಗೆ ಹೋಗಲಿ. ಒಂದೇ ನಿಯಮ. ಚೀಟಿ ಕೊಟ್ಟ ಮೇಲೆ ಕೊಟ್ಟೋರು ಆ ಪ್ಯಾಕೆಟ್ಟನ್ನ ಮುಟ್ಟಬಾರದು."

ಎಲ್ಲರೂ ಬರೆದುಕೊಂಡರು. ಅವಳು ಮಾತ್ರ ತುಟಿ ಬಿಗಿದು ಕೂತಿದ್ದಳು. ಮುಟ್ಟಬಾರದು ಅಂದರೆ ಮುಟ್ಟದೇ ಇರುವವರು ಎಷ್ಟು ಜನ?

ಆದರೂ ಕೆಲವೇ ದಿನಗಳಲ್ಲಿ ಅವಳೇ ಆ ಸಾಲನ್ನು ತೆಗೆದಳು. ಅವನು ಒತ್ತಾಯ ಮಾಡಿದ್ದಕ್ಕಲ್ಲ, ಮಾಡದೇ ಇದ್ದದ್ದಕ್ಕೆ. ಮಧ್ಯಾಹ್ನದ ಬಿಸಿಲು ಅವಳ ಕಂಪ್ಯೂಟರಿನ ಪರದೆಯ ಮೇಲೆ ಬೀಳುತ್ತದೆ ಎಂದು ಗಮನಿಸಿದವನು, ದಿನಾ ಆ ಹೊತ್ತಿಗೆ ಆ ಕಡೆ ಹಾದುಹೋಗುತ್ತ ಕಿಟಕಿಯ ಪರದೆಯನ್ನು ಎಳೆದು ಹೋಗುತ್ತಿದ್ದ. ಒಂದು ಮಾತಿಲ್ಲ. ನಿಲ್ಲುವುದೂ ಇಲ್ಲ. ಅವಳ ಬೆರಳುಗಳು ಮಾತ್ರ ಕೀಲಿಗಳ ಮೇಲೆ ತಡವರಿಸುತ್ತಿದ್ದವು.

ಒಂದೇ ಒಂದು ವಿಷಯ ಅವಳನ್ನು ಚುಚ್ಚುತ್ತಿತ್ತು. ಅವಳು ಏನು ಹೇಳಿದರೂ ಅವನು ಇನ್ನೊಮ್ಮೆ ಹೇಳಿಸುತ್ತಿದ್ದ. "ಏನಂದ್ರಿ? ಇನ್ನೊಂದ್ಸಲ ಹೇಳಿ." ನನ್ನ ಮಾತು ಅಷ್ಟು ಗೊಂದಲವಾ?

"ಯಾರೇ ಅದು, ದಿನಾ ಫೋನಿನಲ್ಲಿ ಉದ್ದಣ್ಣ ಉದ್ದಣ್ಣ ಅಂತ?" ಒಂದು ರಾತ್ರಿ ಅವಳ ಅಕ್ಕ ಫೋನಿನಲ್ಲಿ ಕಾಲೆಳೆದಳು.

"ಆಫೀಸಿನೋರು ಕಣೇ. ಎಲ್ಲರೂ ಹಾಗೇ ಕರೀತಾರೆ."

"ಎಲ್ಲರೂ ಕರೀಲಿ. ನೀನು ಮಾತ್ರ ಅಣ್ಣ ಗಿಣ್ಣ ಅನ್ಬೇಡ. ಆಮೇಲೆ ಮನೇಲಿ ಮಾತಾಡೋಕೆ ನಮಗೆ ಕಷ್ಟ!"

"ಥೂ, ಹೋಗೇ!" ಅಂದಳು. ಅವತ್ತಿನಿಂದ ಅವಳು ಆ ಹೆಸರನ್ನು ಬಾಯಿಗೆ ತರಲಿಲ್ಲ.

* * *

ಮಿಂಚು ಬಂದದ್ದು ಆಮೇಲೆ.

ಕೊನೆಯ ಹಂತವನ್ನು ಬರೆಯಲು ಅವನೇ ಹೇಳಿ ಕರೆಸಿಕೊಂಡ ಹಳೆಯ ಸಹೋದ್ಯೋಗಿ. ಬಹಳ ವರ್ಷ ಇನ್ನೊಂದು ಕಡೆ ಜೊತೆಗೆ ದುಡಿದವರು. ಎಷ್ಟು ಚುರುಕೆಂದರೆ ಅಡ್ಡಹೆಸರೇ ನಿಜವಾದ ಹೆಸರಾಗಿಬಿಟ್ಟಿತ್ತು. ಬಂದವಳೇ ಬ್ಯಾಗನ್ನು ಅವನ ಮೇಜಿನ ಮೇಲೆ ಎಸೆದು, ಅವನ ಬಾಟಲಿಯನ್ನೇ ಎತ್ತಿ ಗಟಗಟ ನೀರು ಕುಡಿದಳು.

"ಏಯ್ ಉದ್ದ, ಇನ್ನೂ ಬೆಳೀತಾನೇ ಇದೀಯಾ?"

"ನೀನು ಇನ್ನೂ ಬಾಯಿ ಮುಚ್ಚೋದು ಕಲಿತಿಲ್ವಾ?"

ಇಬ್ಬರೂ ನಕ್ಕರು. ಅವನ ಕೋಣೆಯ ಹೊರಗೆ ತನ್ನ ಮೇಜಿನಲ್ಲಿ ಕೂತಿದ್ದ ಅವಳ ಎದೆಯೊಳಗೆ ಏನೋ ಚುಳ್ ಎಂದಿತು.

ಅವತ್ತಿನಿಂದ ಅವಳ ಕಿವಿ ಅವಳದೇ ಮಾತು ಕೇಳಲಿಲ್ಲ. ಕಣ್ಣಂತೂ ಮೊದಲೇ ಕೇಳುತ್ತಿರಲಿಲ್ಲ. ಅವರಿಬ್ಬರೂ ಹಲಗೆಯ ಮುಂದೆ ನಿಂತರೆ ಅರ್ಧ ಮಾತಿನಲ್ಲೇ ಎಲ್ಲ ಮುಗಿಯುತ್ತಿತ್ತು.

"ಅಂದ್ರೆ ಆ ಚೀಟಿ..."

"ಹೂಂ, ಹಿಂದಕ್ಕೆ."

"ಮತ್ತೆ ಖಾಲಿ ಆದಾಗ?"

"ಅಲ್ಲೇ. ಹೋದ ಸಲದ್ದು."

"ಸರಿ."

ಅಷ್ಟೇ! ಅವಳಿಗಾದರೆ ಅದನ್ನು ಹೇಳಲು ಅರ್ಧ ಗಂಟೆ ಬೇಕಾಗುತ್ತಿತ್ತು. ಅದರ ಮೇಲೆ "ಇನ್ನೊಂದ್ಸಲ ಹೇಳಿ" ಬೇರೆ! ಮಿಂಚುವಿನ ಮಾತು ಅವನಿಗೆ ಸೀದಾ ತಲುಪುತ್ತದೆ. ನನ್ನದನ್ನು ಮಾತ್ರ ಎತ್ತಿ, ಇಟ್ಟು, ಮತ್ತೆ ಎತ್ತಿ... ನಾನು ಅವನಿಗೆ ಭಾರ.

ಮಿಂಚು ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ದ್ವೇಷಿಸಲಿಕ್ಕೆ ಸುಲಭವಾಗುತ್ತಿತ್ತು. ಅವಳಾದರೋ ತನ್ನ ಕುರ್ಚಿಯ ಮೆತ್ತೆಯನ್ನು ತಂದು ಇವಳ ಬೆನ್ನಿಗೆ ಇಟ್ಟಳು. "ನಿನ್ನ ಕುರ್ಚಿ ಸರಿ ಇಲ್ಲ ಕಣೇ. ಸೊಂಟ ಹೋಗುತ್ತೆ." ಇವಳು "ಪರವಾಗಿಲ್ಲ, ನಿಮಗಿರಲಿ" ಎಂದು ವಾಪಸು ಕೊಟ್ಟಳು. ಮಧ್ಯಾಹ್ನ ಸೊಂಟ ನಿಜಕ್ಕೂ ನೋಯಿತು. ಆ ನೋವಿಗೂ ಮಿಂಚುವೇ ಕಾರಣ ಅನ್ನಿಸಿತು!

ಅಂಥ ದಿನಗಳಲ್ಲೇ ದೊಡ್ಡ ಪರೀಕ್ಷೆ ನಿಗದಿಯಾಯಿತು. ಗಿರಾಕಿಗಳು ಬಂದು ಪೂರ್ತಿ ವೇಗದಲ್ಲಿ ಪ್ಯಾಕೆಟ್‌ಗಳನ್ನು ಸುರಿದು ನೋಡುತ್ತಾರೆ. ಒಂದೂ ಬೀಳಬಾರದು. ಬಿದ್ದರೆ ಹೊಸ ದಾರಿ ಬೇಡ, ಅದನ್ನು ತಂದವನೂ ಬೇಡ ಎಂದು ಮ್ಯಾನೇಜರ್ ಎಲ್ಲರ ಮುಂದೆಯೇ ಹೇಳಿಬಿಟ್ಟಿದ್ದರು.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಅವಳು ಒಂದು ಪ್ರಶ್ನೆ ಕೇಳಲು ಅವನ ಕೋಣೆಗೆ ಹೋದಳು. ಗಾಜಿನ ಬಾಗಿಲು ಮುಚ್ಚಿತ್ತು. ಒಳಗೆ ಮಿಂಚು ತಲೆ ತಗ್ಗಿಸಿ ಕೂತಿದ್ದಳು. ಕಣ್ಣಿಗೆ ಅವನ ಕರವಸ್ತ್ರ. ಅವನು ಅವಳ ಎದುರು ಮೊಣಕಾಲೂರಿ ಕೂತು ಏನೋ ಮೆಲ್ಲಗೆ ಹೇಳುತ್ತಿದ್ದ. ಅವನ ಮುಖದಲ್ಲಿ ಅಷ್ಟು ಮೃದುತ್ವವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ...

ಹೇಗೆ ತನ್ನ ಮೇಜಿಗೆ ವಾಪಸು ಬಂದಳೋ ಅವಳಿಗೇ ಗೊತ್ತಿಲ್ಲ.

ಕಿಟಕಿಯ ಬಿಸಿಲು ಪರದೆಯ ಮೇಲೆ ಬಿದ್ದಿತ್ತು. ಇವತ್ತು ಇನ್ನೂ ಯಾರೂ ಬಂದು ಕಿಟಕಿಯ ಪರದೆ ಎಳೆದಿರಲಿಲ್ಲ.

ಪರದೆಯ ಮೇಲೆ ಅವಳ ಹಂತದ ಕೊನೆಯ ಭಾಗ ತೆರೆದುಕೊಂಡಿತ್ತು. ಇಲ್ಲಿಂದ ಚೀಟಿ ಮಿಂಚುವಿನ ಕೈಗೆ ಹೋಗುತ್ತದೆ. ಅವಳು ಅದೇ ಜಾಗದಲ್ಲಿ ಪ್ಯಾಕೆಟ್ಟನ್ನು ತಿದ್ದುತ್ತಾಳೆ. ತಿದ್ದುವಾಗ ಕೆಡಿಸಿದರೆ? ಅವಳಿಗೆ ಇರುವ ಅವಸರಕ್ಕೆ ಕೆಡಿಸದೇ ಇರುತ್ತಾಳಾ? ಕೆಡಿಸಿ, ಆ ತಪ್ಪು ನನ್ನ ಮೇಲೆ ಬಂದರೆ?

'ಜಾಗ್ರತೆಗೆ,' ಎಂದುಕೊಂಡಳು. 'ಬರೀ ಜಾಗ್ರತೆಗೆ.'

ಒಂದು ಸಾಲು ಸೇರಿಸಿದಳು. ಮಿಂಚುವಿಗೆ ಇನ್ನು ಮೇಲೆ ಮೂಲ ಪ್ಯಾಕೆಟ್ ಸಿಗುವುದಿಲ್ಲ. ಅದರ ನಕಲು ಸಿಗುತ್ತದೆ. ಮೂಲ ತನ್ನ ಹತ್ತಿರವೇ ಇರುತ್ತದೆ.

ಮೇಜಿನ ಮೇಲಿನ ಸಣ್ಣ ಯಂತ್ರದಲ್ಲಿ ನಿಧಾನದ ಪ್ಯಾಕೆಟ್‌ಗಳನ್ನು ಬಿಟ್ಟು ನೋಡಿದಳು. ಎಲ್ಲ ಸರಿಯಾಗಿತ್ತು. ಆಗಲೇ ಅವನು ಹಾದುಹೋದ. ಕಣ್ಣು ಕೆಂಪಾಗಿತ್ತು.

"ಒಂದು ಬದಲಾವಣೆ ಇದೆ. ನೋಡ್ತೀರಾ?" ಅವಳು ಕೇಳಿದಳು.

"ನಿಮ್ಮದು ತಾನೆ? ನೋಡೋದೇನಿದೆ, ಸೇರಿಸಿ," ಎಂದವನೇ ಕಿಟಕಿಯ ಪರದೆ ಎಳೆದು ಹೋದ.

ಆ ಮಾತು ಅವಳನ್ನು ಆ ಕ್ಷಣವೇ ತಡೆಯಬೇಕಿತ್ತು. ತಡೆಯಲಿಲ್ಲ. ಹೊಟ್ಟೆಯ ಉರಿಗೆ ಕಿವಿ ಇರುವುದಿಲ್ಲ.

* * *

ಪರೀಕ್ಷೆಯ ಕೋಣೆ ತಣ್ಣಗಿತ್ತು. ಫ್ಯಾನುಗಳ ಭೋರ್ಗರೆತದಲ್ಲಿ ಯಾರ ಮಾತೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಗಿರಾಕಿಗಳು ಕೈ ಕಟ್ಟಿ ಸಾಲಾಗಿ ನಿಂತಿದ್ದರು. ಪ್ಯಾಕೆಟ್ ಸುರಿಯುವ ಯಂತ್ರ ಶುರುವಾಯಿತು.

ಕಾಲು ವೇಗ. ಒಂದೂ ಬೀಳಲಿಲ್ಲ.

ಅರ್ಧ ವೇಗ. ಒಂದೂ ಬೀಳಲಿಲ್ಲ.

ಪೂರ್ತಿ ವೇಗ. ಪರದೆಯ ಮೇಲೆ ಬಿದ್ದವುಗಳ ಲೆಕ್ಕ ಕೆಂಪಾಯಿತು. ಆಮೇಲೆ ಓಡತೊಡಗಿತು!

"ಏನಿದು?" ಮ್ಯಾನೇಜರ್ ಮುಖ ಕಪ್ಪಿಟ್ಟಿತು. "ಇವರ ಹಂತ ಸೇರಿಸೋ ತನಕ ಎಲ್ಲ ನೆಟ್ಟಗಿತ್ತು!" ಬೆರಳು ಮಿಂಚುವಿನ ಕಡೆಗೆ ತಿರುಗಿತ್ತು. "ಹಳೇ ಸ್ನೇಹ ಅಂತ ಯಾರ್ಯಾರನ್ನೋ ಕರ್ಕೊಂಡು ಬಂದ್ರೆ ಹೀಗೇ ಆಗೋದು."

"ಅವಳ ಕೆಲಸ ನನಗೆ ಗೊತ್ತು," ಅವನೆಂದ. "ಕಾರಣ ಹುಡುಕ್ತೀನಿ. ಸ್ವಲ್ಪ ಹೊತ್ತು ಕೊಡಿ."

"ಊಟದ ಹೊತ್ತಿನ ತನಕ. ಆಮೇಲೆ ಇವರ ಬ್ಯಾಗು, ನಿಮ್ಮ ಬ್ಯಾಗು, ಎರಡೂ ಒಟ್ಟಿಗೆ ಹೊರಡಲಿ."

ಅವಳು ಮೂಲೆಯಲ್ಲಿ ನಿಂತಿದ್ದಳು. ನಿಜ ಹೇಳಬೇಕೆಂದರೆ, ಮೊದಲ ಒಂದು ಕ್ಷಣ ಅವಳಿಗೆ ಸಂತೋಷವಾಯಿತು. ಮಿಂಚುವಿನ ಮುಖ ಬಾಡಿದ್ದು ಕಂಡು, ಸಂತೋಷ! ಮರುಕ್ಷಣ ಆ ಸಂತೋಷ ಎಷ್ಟು ಕೊಳಕು ಎಂದು ಅವಳಿಗೇ ಕಾಣಿಸಿತು.

ನನ್ನ ಸಾಲು. ಬಿದ್ದವೆಲ್ಲ ನನ್ನ ಸಾಲಿನಿಂದ ಬಿದ್ದವು.

ಹೇಳಿದರೆ ಅವನು ಉಳಿಯುತ್ತಾನೆ, ಆದರೆ ನನ್ನ ಮುಖ ಮತ್ತೆ ನೋಡುವುದಿಲ್ಲ. ಹೇಳದಿದ್ದರೆ... ಅವನೇ ಇರುವುದಿಲ್ಲ.

ಮಿಂಚು ತನ್ನ ಕೋಡನ್ನು ತೆರೆದು ಮೊದಲ ಸಾಲಿನಿಂದ ಓದತೊಡಗಿದಳು. ಓದುತ್ತಲೇ ಕೈ ಚಾಚಿ, ಪಕ್ಕದಲ್ಲಿದ್ದ ನೀರಿನ ಲೋಟವನ್ನು ಇವಳ ಕಡೆ ಸರಿಸಿದಳು. "ಕುಡಿ. ಮುಖ ಬಿಳಿಚ್ಕೊಂಡಿದೆ ನೋಡು. ಹೆದರ್ಬೇಡ, ನಿನ್ನ ಭಾಗದ್ದೇನಲ್ಲ."

ಅಷ್ಟು ಸಾಕಾಯಿತು.

"ನನ್ನದೇ," ಅಂದಳು. ಫ್ಯಾನುಗಳ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಗಂಟಲು ಬಿಚ್ಚಿ ಕೂಗಿದಳು. "ತಪ್ಪು ನನ್ನದು! ನಿನ್ನೆ ನಾನೊಂದು ನಕಲು ಸೇರಿಸಿದೆ. ಬೇಕಿರಲಿಲ್ಲ. ಬೇಕಿಲ್ಲ ಅಂತ ಗೊತ್ತಿದ್ದೂ ಸೇರಿಸಿದೆ. ಇವರದ್ದೇನೂ ಇಲ್ಲ!"

ಎಲ್ಲರ ಕಣ್ಣೂ ಅವಳ ಮೇಲೆ. ಅವನ ಕಣ್ಣಿನ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ. ಕುರ್ಚಿ ಎಳೆದು ಕೂತು, ಎಲ್ಲರ ಎದುರಿಗೇ ಆ ಸಾಲನ್ನು ಅಳಿಸಿದಳು.

ಯಂತ್ರ ಮತ್ತೆ ಶುರುವಾಯಿತು. ಪೂರ್ತಿ ವೇಗ. ಬಿದ್ದವುಗಳ ಜಾಗದಲ್ಲಿ ಸೊನ್ನೆ. ಗಿರಾಕಿಗಳ ಪೈಕಿ ಹಿರಿಯರೊಬ್ಬರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಸೊನ್ನೆಯೇ!

"ಇವರು ಸೇರಿಸಿದ್ದನ್ನ ಯಾರು ಒಪ್ಪಿದ್ದು?" ಮ್ಯಾನೇಜರ್ ಬಿಡಲಿಲ್ಲ.

"ನಾನು," ಅವನೆಂದ. "ನೋಡ್ತೀರಾ ಅಂತ ಕೇಳಿದ್ರು. ನೋಡದೆ ಒಪ್ಪಿದೆ. ಅದು ನನ್ನ ತಪ್ಪು."

ಅಷ್ಟು ಹೇಳಿ ಅವನು ಕೋಣೆಯಿಂದ ಹೊರಗೆ ನಡೆದುಬಿಟ್ಟ. ಒಮ್ಮೆಯೂ ಅವಳ ಕಡೆ ತಿರುಗಲಿಲ್ಲ.

* * *

ಮೆಟ್ಟಿಲುಗಳ ಮೇಲೆ ಕೂತು ಅವಳು ಸದ್ದಿಲ್ಲದೆ ಅತ್ತಳು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಧೊಪ್ಪನೆ ಕೂತರು. ಮಿಂಚು.

"ಹೊಟ್ಟೆಕಿಚ್ಚಾ?"

ಅವಳು ತಲೆ ಎತ್ತಲಿಲ್ಲ. ಮೆಲ್ಲಗೆ ಹೂಂ ಅಂದಳು.

"ನನ್ನ ಮೇಲೆ ಹೊಟ್ಟೆಕಿಚ್ಚು ಪಡೋರೂ ಇದಾರಲ್ಲಪ್ಪ!" ಮಿಂಚು ನಕ್ಕಳು. ಆಮೇಲೆ ನಗು ನಿಂತಿತು. "ನಿನ್ನ ಅನುಮಾನ ಪೂರ್ತಿ ಸುಳ್ಳಲ್ಲ ಬಿಡು. ಒಂದು ಕಾಲಕ್ಕೆ ನನಗೂ ಅವನ ಮೇಲೆ ಆಸೆ ಇತ್ತು. ಹೇಳಿದೆ. ಅವನು ಇಲ್ಲ ಅಂದ. ಬೇಜಾರಾಗದ ಹಾಗೆ ಇಲ್ಲ ಅನ್ನೋದು ಎಲ್ಲರಿಗೂ ಬರಲ್ಲ ಕಣೇ. ಅದಕ್ಕೇ ಸ್ನೇಹ ಉಳೀತು."

"ನಿನ್ನೆ ನೀವು ಅಳ್ತಾ ಇದ್ರಿ..."

"ನಮ್ಮಪ್ಪ ಈಗೀಗ ನನ್ನ ಗುರುತು ಹಿಡಿಯಲ್ಲ. ನಿನ್ನೆ ಮಧ್ಯಾಹ್ನ ಫೋನಿನಲ್ಲಿ 'ಯಾರಮ್ಮ ನೀನು' ಅಂದ್ರು." ಮಿಂಚು ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡಳು. "ಅಷ್ಟೇ. ನನಗೆ ಮೊದಲು ಸಿಕ್ಕಿದ್ದು ಅವನ ಕೋಣೆ."

ಅವಳು ನಾಚಿಕೆಯಿಂದ ಮಿಂಚುವಿನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಮಿಂಚು ಬಿಡಿಸಿಕೊಳ್ಳಲಿಲ್ಲ.

"ಬೈಯೋದನ್ನ ಆಮೇಲೆ ನಿಧಾನವಾಗಿ ಬೈತೀನಿ. ಈಗ ಎದ್ದು ಹೋಗು. ಅವನು ಕ್ಯಾಂಟೀನಿನಲ್ಲಿ ಒಬ್ಬನೇ ಗೋಡೆ ನೋಡ್ತಾ ಕೂತಿದಾನೆ."

ಊಟದ ಹೊತ್ತು ಮೀರಿತ್ತು. ಕ್ಯಾಂಟೀನಿನಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಡುತ್ತಿದ್ದರು. ಅವನ ಮುಂದೆ ಎರಡು ಊಟದ ತಟ್ಟೆ. ಎರಡರ ಮೇಲೂ ತಟ್ಟೆ ಮುಚ್ಚಿತ್ತು.

"ಕೂತ್ಕೊಳ್ಳಿ," ಅಂದ.

ಅವಳು ಕೂರಲಿಲ್ಲ. "ನಿಮಗೆ ಕೋಪ ಬಂದಿದೆ."

"ಬಂದಿದೆ."

"ಯಾಕೆ ಮಾಡಿದೆ ಅಂತ ಕೇಳಲ್ವಾ?"

"ನೀವು ಹೇಳಿದ್ರೆ ಕೇಳ್ತೀನಿ."

ಅವಳು ಒಮ್ಮೆ ಉಸಿರೆಳೆದುಕೊಂಡಳು. ಇನ್ನು ಮುಚ್ಚಿಡಲು ಏನು ಉಳಿದಿದೆ? "ಅವರು ಹೇಳಿದ್ದು ನಿಮಗೆ ಅರ್ಧ ಮಾತಿನಲ್ಲೇ ತಿಳಿಯುತ್ತೆ. ನನ್ನದು ಮಾತ್ರ ಎರಡೆರಡು ಸಲ ಹೇಳಿಸ್ತೀರಿ. ನನಗೆ... ನನಗೆ ನೀವು ಬೇಕಾಗಿದ್ರಿ. ಅವರ ಕೈಗೆ ಏನೂ ಕೊಡೋಕೆ ಮನಸ್ಸು ಬರಲಿಲ್ಲ. ಒಂದು ಪ್ಯಾಕೆಟ್ಟನ್ನೂ ಸಹ!"

ಅವನ ಕಿವಿಯ ತುದಿ ಕೆಂಪಾಗುತ್ತಿತ್ತು.

"ಮೊದಲ ಸಲ ನೀವು ಹೇಳುವಾಗ ನಾನು ನಿಮ್ಮ ದನಿ ಕೇಳ್ತಾ ಇರ್ತೀನಿ," ಅಂದ ಕೊನೆಗೆ, ಮೇಜನ್ನು ನೋಡುತ್ತ. "ವಿಷಯ ಏನು ಅಂತ ಗೊತ್ತಾಗೋದು ಎರಡನೇ ಸಲ. ಮಿಂಚು ಜೊತೆ ಆ ತೊಂದರೆ ಇಲ್ಲ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. "ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಹೆದರಿಕೆ. ಯಾರ ಮೇಲೂ ನಂಬಿಕೆ ಇಲ್ಲ ಅಂತ ನಾನು ಬಂದ ದಿನವೇ ಹೇಳಿಬಿಟ್ಟಿದ್ರಲ್ಲ!"

"ಈಗ ನಿಮಗೇ ನನ್ನ ಮೇಲೆ ನಂಬಿಕೆ ಇಲ್ಲ."

"ಸ್ವಲ್ಪ ಕಡಿಮೆ ಆಗಿದೆ. ಸುಳ್ಳು ಯಾಕೆ ಹೇಳಲಿ?" ಅವನು ತಲೆ ಎತ್ತಿ ಅವಳನ್ನು ನೇರವಾಗಿ ನೋಡಿದ. "ಇನ್ಮುಂದೆ ನೀವು ಬರೆದ ಪ್ರತಿ ಸಾಲನ್ನೂ ನೋಡ್ತೀನಿ. ನಾನು ಬರೆದದ್ದನ್ನ ನೀವು ನೋಡಿ. ನಂಬಿಕೆ ಹಾಗೇ ವಾಪಸು ಬರುತ್ತೆ. ಆಗಬಹುದಾ?"

"ಎಷ್ಟು ದಿನ?"

"ನೀವು ಬೇಡ ಅನ್ನೋ ತನಕ."

"ಅನ್ನಲ್ಲ," ಅಂದಳು ತಟ್ಟನೆ. ಅಂದದ್ದು ಕೇಳಿ ತಾನೇ ಸೆರಗಿಲ್ಲದ ಕಡೆ ಸೆರಗು ಹುಡುಕಿದಳು.

"ಏನಂದ್ರಿ? ಇನ್ನೊಂದ್ಸಲ ಹೇಳಿ."

"ಅನ್ನಲ್ಲ ಅಂದೆ! ಕೇಳಿಸ್ತಾ?"

ಅವನ ಮುಖದ ತುಂಬ ನಗು ಹರಡಿತು. ಒಂದು ತಟ್ಟೆಯನ್ನು ಅವಳತ್ತ ಸರಿಸಿದ. ಅವಳು ಮುಚ್ಚಿದ್ದ ತಟ್ಟೆಯನ್ನು ಎತ್ತಲು ಹೋದವಳು ಹಾಗೇ ನಿಂತಳು.

"ಮಿಂಚು ಊಟ ಮಾಡಿದ್ರಾ?"

"ಇಲ್ಲ. ಎರಡೇ ತಟ್ಟೆ ಉಳಿದಿತ್ತು. ಬೇಡ ಅಂದಳು."

"ಹಾಗಾದ್ರೆ ಇದು ಅವರಿಗೆ."

"ಮತ್ತೆ ನಿಮಗೆ?"

"ನಿಮ್ಮದರಲ್ಲಿ ಅರ್ಧ ಇಟ್ಟಿರಿ. ಈಗ ಬಂದೆ."

ಪರೀಕ್ಷೆಯ ಕೋಣೆಯಲ್ಲಿ ಮಿಂಚು ಒಬ್ಬಳೇ ಕೂತು ವೈರುಗಳನ್ನು ಸುತ್ತಿಡುತ್ತಿದ್ದಳು. ಅವಳು ಹತ್ತಿರ ಹೋಗಿ, ಮೇಜಿನ ಮೇಲಿನ ವೈರುಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ತಟ್ಟೆಯನ್ನು ಮಿಂಚುವಿನ ಎರಡೂ ಕೈಗೆ ಕೊಟ್ಟಳು.